ಬೇಕರಿ ಅಮ್ಮನ ಕ್ಯಾನು

ಸೊಸೆ ಜಗಳ ಆಡುವುದನ್ನು ಬಿಟ್ಟಾಗಲೇ ಬೇಕರಿ ಅಮ್ಮನಿಗೆ ನಿಜವಾದ ಭಯ ಶುರುವಾದದ್ದು.

ಭಯಪಡಲು ಅದಕ್ಕೂ ಮೊದಲೇ ಬೇಕಾದಷ್ಟು ಕಾರಣಗಳಿದ್ದವು. ಬೆಳಗ್ಗೆ ಎದ್ದರೆ ಸೊಸೆಯ ಕಣ್ಣಿನ ಸುತ್ತ ಊತ. ಸಂಜೆ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಪಾದ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಮೂತ್ರ ಮಾಡಿದರೆ ಸೋಪು ಕದಡಿದ ಹಾಗೆ ನೊರೆ. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಮೂತ್ರ ನೋಡಿದರು, ಬೆನ್ನಿನ ಕಡೆಯಿಂದ ಸೂಜಿ ಹಾಕಿ ಕಿಡ್ನಿಯ ಒಂದು ಎಳೆಯನ್ನೇ ತೆಗೆದು ನೋಡಿದರು. ಕೊನೆಗೆ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದರು. ಬರಬರುತ್ತ ಮೂತ್ರ ಬರುವುದೇ ನಿಂತುಹೋಯಿತು. ಆಗಿನಿಂದ ಸೊಸೆ ದಿನ ಬಿಟ್ಟು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು, ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ಇದಿಷ್ಟನ್ನೂ ಬೇಕರಿ ಅಮ್ಮ ಹಲ್ಲು ಕಚ್ಚಿ ಸಹಿಸಿಕೊಂಡಿದ್ದಳು. ಆದರೆ ಒಂದು ದಿನ, ಸೊಸೆ ಸ್ವಲ್ಪ ಗೆಲುವಾಗಿದ್ದಾಳೆ ಅನ್ನಿಸಿ, ಬೇಕೆಂದೇ ಕಾಲು ಕೆರೆದು ನೋಡಿದಳು.

"ಈಚೀಚೆಗೆ ನೀನು ಕೇಕಿನ ಮೇಲೆ ಬಿಡಿಸೋ ಗುಲಾಬಿ ಹೂಕೋಸಿನ ಥರ ಕಾಣುತ್ತೆ."

ಸೊಸೆ ತಲೆ ಎತ್ತಲಿಲ್ಲ. "ಆಯ್ತತ್ತೆ, ತೆಗೆದು ಬೇರೆ ಬಿಡಿಸ್ತೀನಿ," ಎಂದಳು.

ಮೊದಲಾಗಿದ್ದರೆ 'ಹೂಕೋಸೇ ಅತ್ತೆ, ನಿಮ್ಮ ಹುಟ್ಟಿದ ದಿನಕ್ಕೆ ಅಂತ ಕೈ ಅಭ್ಯಾಸ ಮಾಡ್ಕೊತಿದೀನಿ' ಎಂಬ ಉತ್ತರ ಕೆನ್ನೆಗೆ ಬಾರಿಸಿದ ಹಾಗೆ ಬರುತ್ತಿತ್ತು. ಆಮೇಲೆ ಅರ್ಧ ದಿನ ಇಬ್ಬರೂ ಕೌಂಟರಿನ ಆಚೆ ಈಚೆ ನಿಂತು ವಾದ ಮಾಡುತ್ತಿದ್ದರು. ಬನ್ನು ತೆಗೆದುಕೊಳ್ಳಲು ಬಂದವರು ಚಿಲ್ಲರೆ ಕೈಗೆ ಬಂದ ಮೇಲೂ ನಿಂತು ಕೇಳುತ್ತಿದ್ದರು.

ಆ ಮನೆಯಲ್ಲಿ ಮಾತಿಗೆ ಮಾತು ಸಿಕ್ಕಿದ್ದು ಸೊಸೆ ಬಂದ ಮೇಲೆಯೇ. ಯಜಮಾನರು ಹಿಟ್ಟು ನಾದುವುದಕ್ಕೆ ಮಾತು ಬೇಕಾಗಿಲ್ಲ ಎಂದು ತಿಳಿದವರು. 'ಹೂಂ' ಮತ್ತು 'ಊಹೂಂ' ಎರಡರಲ್ಲೇ ಸಂಸಾರ ತೂಗಿಸಿದ್ದರು. ಮಗ ಅಪ್ಪನ ಪಡಿಯಚ್ಚು, ಓವನ್ ಮುಂದೆ ನಿಂತರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಈ ಇಬ್ಬರು ಮೌನಿಗಳ ನಡುವೆ ಬೇಕರಿ ಅಮ್ಮ ಎಷ್ಟೋ ವರ್ಷ ಒಬ್ಬಳೇ ಮಾತಾಡಿಕೊಂಡು, ತನ್ನ ತಮಾಷೆಗೆ ತಾನೇ ನಕ್ಕು ಬಾಳಿದ್ದಳು. ಮದುವೆಯಾಗಿ ಬಂದ ಮೊದಲ ವಾರವೇ ಸೊಸೆ ಎದುರುತ್ತರ ಕೊಟ್ಟಾಗ, ಮುಖ ಗಂಟು ಹಾಕಿಕೊಂಡರೂ, ಒಳಗೊಳಗೇ ಅವಳಿಗೆ ಹಬ್ಬದಷ್ಟು ಸಂತೋಷವಾಗಿತ್ತು. ಆ ಸೊಸೆ ಈಗ 'ಆಯ್ತತ್ತೆ' ಅನ್ನುತ್ತಿದ್ದಾಳೆ ಎಂದರೆ ಅವಳು ಕೈಬಿಟ್ಟು ಹೋಗುತ್ತಿದ್ದಾಳೆ ಎಂದೇ ಅರ್ಥ.

ಅಂದೇ ಊಟಕ್ಕೆ ಕೂತಾಗ ಬೇಕರಿ ಅಮ್ಮ ಘೋಷಿಸಿದಳು. "ನನ್ನದೊಂದು ಕಿಡ್ನಿ ಕೊಡ್ತೀನಿ."

ಕೊಡುವವರ ಹುಡುಕಾಟ ಅದಾಗಲೇ ನಡೆದು ಸೋತಿತ್ತು. ಅಪ್ಪ, ಮಗ ಇಬ್ಬರ ರಕ್ತದ ಗುಂಪೂ ಹೊಂದಲಿಲ್ಲ. ಸೊಸೆಯ ಅಣ್ಣ ಉತ್ಸಾಹದಿಂದ ಬಂದು ಸ್ಕ್ಯಾನಿಂಗಿಗೆ ಮಲಗಿದರೆ, ಅವನಿಗೆ ಹುಟ್ಟಿದಾಗಿನಿಂದ ಇರುವುದೇ ಒಂದು ಕಿಡ್ನಿ ಎಂದು ಗೊತ್ತಾಯಿತು. ಕೊಡಲು ಬಂದವನು ಪಾಪ ಹೊಸ ಚಿಂತೆಯೊಂದನ್ನು ಹೊತ್ತುಕೊಂಡು ಹೋದ. ಅತ್ತೆಯನ್ನು ಮಾತ್ರ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವಯಸ್ಸು ಅರವತ್ತು ದಾಟಿತ್ತು, ಮಂಡಿ ನೋವು ಬೇರೆ.

ಯಜಮಾನರು "ಹೂಂ" ಎಂದರು. ಮಗ ತಟ್ಟೆ ನೋಡಿದ. ಸೊಸೆ ಬಾಯಿ ತೆರೆದಳು.

"ನೀನು ಮಾತಾಡ್ಬೇಡ, ಸುಸ್ತಾಗುತ್ತೆ," ಎಂದಳು ಬೇಕರಿ ಅಮ್ಮ.

ಹಾಗೆ ಅವಳ ಓಡಾಟ ಶುರುವಾಯಿತು. ಆಸ್ಪತ್ರೆಯ ಡಾಕ್ಟರಮ್ಮ ಮೊದಲು ರಕ್ತದ ಗುಂಪು ನೋಡಿಸಿದರು. ಅದು ಸೊಸೆಯ ರಕ್ತಕ್ಕೆ ಹೊಂದಿತು. ಆಮೇಲೆ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳತೊಡಗಿದರು.

"ರಾತ್ರಿ ಎಷ್ಟು ಸಲ ಏಳ್ತೀರಿ?"

"ಎಲ್ಲದಕ್ಕೂ ಸೇರಿಸಿ ಹೇಳ್ಲಾ?"

"ಮೂತ್ರಕ್ಕೆ ಮಾತ್ರ."

"ಒಂದು ಸಲ. ನಮ್ಮನೆಯವರ ಗೊರಕೆಗೆ ಇನ್ನೆರಡು ಸಲ."

ಡಾಕ್ಟರಮ್ಮ ನಗು ತಡೆದುಕೊಂಡು ಮುಂದುವರಿಸಿದರು. ಉರಿ ಬರುತ್ತದಾ, ತಡೆದು ತಡೆದು ಬರುತ್ತದಾ, ಕೆಮ್ಮಿದರೆ ಜಾರುತ್ತದಾ, ಯಾವಾಗಲಾದರೂ ಕೆಂಪಗೆ ಬಂದದ್ದುಂಟಾ, ಕಲ್ಲು ಬಿದ್ದದ್ದುಂಟಾ, ಹೆತ್ತವರಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ. ಬೇಕರಿ ಅಮ್ಮ ಒಂದೊಂದಕ್ಕೂ ಮನಸಾರೆ ಉತ್ತರ ಕೊಟ್ಟಳು. ಅವಳ ದೇಹದ ಬಗ್ಗೆ ಇಷ್ಟು ಕಿವಿಗೊಟ್ಟು ಯಾರೂ ಈವರೆಗೆ ಕೇಳಿರಲಿಲ್ಲ. ಒಂದು ಪ್ರಶ್ನೆಗೆ ಮಾತ್ರ ಅವಳ ಕಣ್ಣು ಫ್ಯಾನಿನ ಕಡೆ ಹೋಯಿತು.

"ನೋವಿನ ಮಾತ್ರೆ ತಗೊಳ್ತೀರಾ?"

"ಯಾವಾಗಲಾದ್ರೊಮ್ಮೆ."

"ಯಾವಾಗಲಾದ್ರೊಮ್ಮೆ ಅಂದ್ರೆ?"

"ಮಂಡಿ ನೋವಿದ್ದಾಗ."

"ಮಂಡಿ ನೋವು ಯಾವಾಗಿರುತ್ತೆ?"

"ದಿನಾ."

"ಇವತ್ತಿಂದ ನಿಲ್ಲಿಸಿ," ಎಂದರು ಡಾಕ್ಟರಮ್ಮ. "ಕಿಡ್ನಿಗೆ ಆ ಮಾತ್ರೆಗಳು ಆಗಿ ಬರಲ್ಲ. ನೋವಿಗೆ ಬೇರೆ ದಾರಿ ನೋಡೋಣ."

ಆಮೇಲೆ ಮಲಗಿಸಿ, ನಿಲ್ಲಿಸಿ ಬಿಪಿ ನೋಡಿದರು. ಪಕ್ಕೆಯ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿ ನೋಡಿದರು. ಪಾದದ ಮೇಲಿನ ಮೂಳೆಯ ಹತ್ತಿರ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರು. ಇದು ಬೇಕರಿ ಅಮ್ಮನಿಗೆ ಚೆನ್ನಾಗಿ ಗೊತ್ತಿದ್ದ ಪರೀಕ್ಷೆ. ಹಿಟ್ಟು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಯಜಮಾನರು ಹೀಗೆಯೇ ನೋಡುತ್ತಿದ್ದರು. ಸೊಸೆಯ ಕಾಲಿನಲ್ಲಿ ಒತ್ತಿದ ಗುಳಿ ಒತ್ತಿದಲ್ಲೇ ಉಳಿದಿತ್ತು. ತನ್ನ ಕಾಲಿನಲ್ಲಿ ಚರ್ಮ ತಟ್ಟನೆ ಮೇಲೆದ್ದು ಬಂದದ್ದನ್ನು ಕಂಡು ಅವಳು ಪರೀಕ್ಷೆ ಪಾಸಾದವಳಂತೆ ಬೀಗಿದಳು.

"ಇನ್ನೊಂದು ಪ್ರಶ್ನೆ," ಎಂದು ಡಾಕ್ಟರಮ್ಮ ದನಿ ತಗ್ಗಿಸಿದರು. "ಕಿಡ್ನಿ ಕೊಡು ಅಂತ ಮನೇಲಿ ಯಾರಾದ್ರೂ ನಿಮ್ಮನ್ನ ಒತ್ತಾಯ ಮಾಡ್ತಿದಾರಾ?"

"ನನ್ನನ್ನಾ?" ಬೇಕರಿ ಅಮ್ಮ ಜೋರಾಗಿ ನಕ್ಕಳು. "ಡಾಕ್ಟ್ರೇ, ನಮ್ಮನೇಲಿ ಒತ್ತಾಯ ಮಾಡೋಳು ನಾನೊಬ್ಬಳೇ. ಬೇಕಾದ್ರೆ ಆಚೆ ನನ್ನ ಮಗ ನಿಂತಿದಾನೆ, ಕೇಳಿ."

ಮಗನನ್ನು ಒಳಗೆ ಕರೆದು ಡಾಕ್ಟರಮ್ಮ ಇಬ್ಬರಿಗೂ ಬಿಡಿಸಿ ಹೇಳಿದರು. "ಇವರಿಗೆ ವಯಸ್ಸಾಗಿದೆ. ಎರಡು ಕಿಡ್ನಿ ಸೇರಿ ಎಷ್ಟು ಕೆಲಸ ಮಾಡ್ತಿವೆ ಅಂತ ಅಳೀಬೇಕು. ಕಡಿಮೆ ಬಂದ್ರೆ ತಗೊಳ್ಳೋಕಾಗಲ್ಲ. ಒಂದು ತೆಗೆದ ಮೇಲೆ ಉಳಿದಿದ್ದು ಇವರನ್ನೂ ಸಾಕಬೇಕಲ್ಲ."

ಮಗನ ತಲೆಯಲ್ಲಿ 'ಕಡಿಮೆ ಬಂದ್ರೆ ತಗೊಳ್ಳೋಕಾಗಲ್ಲ' ಎಂಬುದೊಂದೇ ಉಳಿಯಿತು. ಮನೆಗೆ ಬಂದು ಅಪ್ಪನಿಗೂ ಅಷ್ಟನ್ನೇ ಹೇಳಿದ.

ಮುಂದಿನದು ಹೊಟ್ಟೆಯ ಸ್ಕ್ಯಾನಿಂಗ್. ನೀರು ಕುಡಿದು, ಮೂತ್ರ ತಡೆದುಕೊಂಡು ಕೂರಬೇಕು, ಕರೆಯುವವರೆಗೆ ಏಳಬಾರದು. ಸ್ಕ್ಯಾನಿಂಗ್ ಕೋಣೆಯ ಆಚೆ ಗೋಡೆಗುಂಟ ಒಂದು ಬೆಂಚು. ಅದರ ಮೇಲೆ ಸಾಲಾಗಿ ಹೆಂಗಸರು, ಎಲ್ಲರೂ ಮೊಣಕಾಲು ಜೋಡಿಸಿ, ಉಸಿರು ಬಿಗಿಹಿಡಿದು, ಬಾಗಿಲನ್ನೇ ದಿಟ್ಟಿಸುತ್ತ ಕೂತಿದ್ದರು. ಅಂದು ಡಯಾಲಿಸಿಸ್ ಇಲ್ಲದ ಕಾರಣ ಸೊಸೆಯೂ ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದಳು.

"ಒಳಗಡೆ ಹೋದೋರು ಅಲ್ಲೇ ನಿದ್ದೆ ಹೋಗ್ಬಿಟ್ರಾ ಅಂತ," ಎಂದಳು ಬೇಕರಿ ಅಮ್ಮ, ಯಾರಿಗೂ ಅಲ್ಲದ ಹಾಗೆ.

ಪಕ್ಕದ ಹೆಂಗಸು ತುಟಿ ಕಚ್ಚಿಕೊಂಡಳು.

"ಇವರ ಫ್ಯಾನು ಬೇರೆ ನಲ್ಲಿ ತೊಟ್ಟಿಕ್ಕೋ ಹಾಗೆ ಸದ್ದು ಮಾಡುತ್ತೆ. ಯಾರ ಮನೆ ಹಾಳು ಮಾಡೋಕೋ."

"ಅಕ್ಕ, ನಿಮ್ಮ ದಮ್ಮಯ್ಯ, ನಗಿಸ್ಬೇಡಿ," ಎಂದಳು ಆ ಹೆಂಗಸು. ಆದರೆ ತುದಿಯಲ್ಲಿ ಕೂತಿದ್ದ ದಪ್ಪನೆಯ ಹೆಂಗಸಿಗೆ ಅಷ್ಟರಲ್ಲಿ ನಗು ಬಂದಾಗಿತ್ತು. ನಕ್ಕವಳು ಎದ್ದು ಓಡಿದಳು. ಅವಳ ಹಿಂದೆ ಇನ್ನಿಬ್ಬರು ಓಡಿದರು. ಸರದಿ ಕರೆಯಲು ಬಂದ ನರ್ಸು ಅರ್ಧ ಬೆಂಚು ಖಾಲಿಯಾದದ್ದನ್ನು ನೋಡಿ ತಲೆ ಮೇಲೆ ಕೈಹೊತ್ತು, "ಮತ್ತೆ ನೀರು ಕುಡೀರಿ," ಎಂದು ಬಾಟಲಿ ಹಂಚಿದಳು. ಬೇಕರಿ ಅಮ್ಮ ಮಾತ್ರ ಕದಲದೆ ಕೂತಿದ್ದಳು.

ಅವಳು ಸೊಸೆಯ ಕಡೆ ನೋಡಿದಳು. ಸೊಸೆ ಮುಗುಳ್ನಕ್ಕಿದ್ದಳು, ಅಷ್ಟೇ. ಮರುಕ್ಷಣ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಸ್ಕ್ಯಾನಿಂಗಿನಲ್ಲಿ ಎರಡೂ ಕಿಡ್ನಿ ಇದ್ದ ಜಾಗದಲ್ಲೇ ಇದ್ದವು, ಕಲ್ಲಿಲ್ಲ, ಊತವಿಲ್ಲ. ಉಳಿದದ್ದು ಅಳತೆಯ ಕೆಲಸ. ಅದಕ್ಕೆ ಲ್ಯಾಬಿನ ನರ್ಸು ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು ಕೊಟ್ಟಳು. ಪಕ್ಕದಲ್ಲಿ ಕೆಳಗಿನಿಂದ ಮೇಲಿನವರೆಗೆ ಗೆರೆ ಎಳೆದಿತ್ತು.

"ಬೆಳಗ್ಗೆ ಎದ್ದ ತಕ್ಷಣದ್ದು ಬಿಟ್ಟುಬಿಡಿ," ಎಂದು ನರ್ಸು ಹೇಳಿದಳು. "ಆಮೇಲಿಂದ ಹಗಲೂ ರಾತ್ರಿ ಒಂದು ಹನಿನೂ ಆಚೆ ಹೋಗಬಾರದು, ಎಲ್ಲ ಇದರೊಳಗೆ. ಮಾರನೇ ದಿನ ಎದ್ದ ತಕ್ಷಣದ್ದನ್ನೂ ಸೇರಿಸಿ ತಂದ್ಕೊಡಿ. ಎಷ್ಟಾದ್ರೂ ಪರವಾಗಿಲ್ಲ, ಪೂರ್ತಿ ನಿಮ್ಮದಾಗಿದ್ರೆ ಸಾಕು."

ಇದನ್ನು ಕೇಳಿಸಿಕೊಂಡದ್ದು ಬೇಕರಿ ಅಮ್ಮ ಒಬ್ಬಳೇ. ಅನಾಹುತದ ಬೇರು ಇದ್ದದ್ದು ಅಲ್ಲೇ.

ಬೇಕರಿಯಲ್ಲಿ ಅವಳೇ ಮಾಡಿದ ಒಂದು ಕಟ್ಟಳೆ ಇತ್ತು. ಮೈದಾ ಡಬ್ಬಿಯಿರಲಿ, ಸಕ್ಕರೆ ಡಬ್ಬಿಯಿರಲಿ, ಕುಡಿಯುವ ನೀರಿನ ಕೊಡವಿರಲಿ, ಅರ್ಧಕ್ಕಿಂತ ಕೆಳಗೆ ಇಳಿದದ್ದು ಯಾರ ಕಣ್ಣಿಗೆ ಬೀಳುತ್ತದೋ ಅವರೇ ತುಂಬಬೇಕು. ಕೇಳುವುದು, ಹೇಳುವುದು, 'ನಾನು ತುಂಬಿದೆ' ಎಂದು ಜಂಬ ಕೊಚ್ಚುವುದು ಏನೂ ಇಲ್ಲ. ಈ ಕಟ್ಟಳೆಯಿಂದಲೇ ಇಷ್ಟು ವರ್ಷ ಆ ಅಂಗಡಿಯಲ್ಲಿ ಯಾವತ್ತೂ ಯಾವುದೂ ನಡುವೆ ಮುಗಿದುಹೋಗಿರಲಿಲ್ಲ. ಮಾತು ಕಡಿಮೆಯಾದ ಇಬ್ಬರು ಗಂಡಸರಿಗೆ ಇದಕ್ಕಿಂತ ಅನುಕೂಲದ ಕಟ್ಟಳೆ ಇನ್ನೊಂದಿರಲಿಲ್ಲ.

ಕ್ಯಾನನ್ನು ಅವಳು ಬಚ್ಚಲುಮನೆಯ ಮೂಲೆಯಲ್ಲಿ ಇಟ್ಟು ತನ್ನ ಪಾಡಿಗೆ ಕೌಂಟರಿಗೆ ಹೋದಳು. ಸಂಜೆಯ ಹೊತ್ತಿಗೆ ನೋಡಿದರೆ ಚೆನ್ನಾಗಿ ಏರಿತ್ತು. ಪರವಾಗಿಲ್ಲ, ನನ್ನ ಕಿಡ್ನಿ ಗಟ್ಟಿ, ಎಂದುಕೊಂಡಳು. ಬೆಳಗ್ಗೆ ನೋಡಿದರೆ ಕ್ಯಾನು ಕತ್ತಿನವರೆಗೆ ಬಂದಿತ್ತು. ನಿದ್ದೆಗಣ್ಣಿನಲ್ಲಿ ಎಷ್ಟು ಸಲ ಎದ್ದೆನೋ ಎಂದು ಅಚ್ಚರಿಪಟ್ಟರೂ, ಒಳ್ಳೆಯದಾಗುವಾಗ ತಕರಾರು ಯಾಕೆ ಎಂದು ಮುಚ್ಚಳ ಬಿಗಿದಳು. ಹಾಗೆಯೇ ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯುವುದು ಚೆನ್ನಾಗಿರುವುದಿಲ್ಲ ಎಂದು ಮಗ ಅದನ್ನು ದೊಡ್ಡ ಕೇಕಿನ ಪೆಟ್ಟಿಗೆಯಲ್ಲಿಟ್ಟು ರಿಬ್ಬನ್ ಕಟ್ಟಿದ. ದಾರಿಯಲ್ಲಿ ಎದುರುಮನೆಯ ಮೇಷ್ಟ್ರು ಸಿಕ್ಕಿ, "ಏನಮ್ಮ, ದೊಡ್ಡ ಆರ್ಡರ್ ಇದ್ದ ಹಾಗಿದೆ," ಎಂದರು.

"ಹೂಂ, ಆಸ್ಪತ್ರೆಯೋರು ಕೇಳಿದ್ರು," ಎಂದಳು ಬೇಕರಿ ಅಮ್ಮ.

ವರದಿ ಬಂದ ದಿನ ಡಾಕ್ಟರಮ್ಮ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಅಮ್ಮ, ನೀವು ಕುಸ್ತಿ ಆಡ್ತೀರಾ?"

"ಸೊಸೆ ಜೊತೆ ಆಡ್ತಿದ್ದೆ, ಬಾಯಲ್ಲಿ. ಯಾಕೆ ಡಾಕ್ಟ್ರೇ, ಕಡಿಮೆ ಬಂತಾ?"

"ಕಡಿಮೆನಾ? ಹೀಗೆ ಕೇಳಿ. ನಮ್ಮ ಮೈಯ ಸ್ನಾಯುಗಳಿಂದ ದಿನಾ ಇಷ್ಟು ಅಂತ ಒಂದು ಕಸ ಬರುತ್ತೆ, ಕ್ರಿಯಾಟಿನಿನ್ ಅಂತ. ಕಿಡ್ನಿ ಅದನ್ನ ಗುಡಿಸಿ ಮೂತ್ರದಲ್ಲಿ ಆಚೆ ಹಾಕುತ್ತೆ. ಮೈ ಎಷ್ಟಿದೆಯೋ ಕಸ ಅಷ್ಟೇ ಬರೋದು. ನಿಮ್ಮ ಕ್ಯಾನಲ್ಲಿ ಇರೋ ಕಸ ನಿಮ್ಮೊಬ್ಬರ ಮೈಯಿಂದ ಬರೋಕೆ ಸಾಧ್ಯನೇ ಇಲ್ಲ. ನೀರು ಬೆರೆಸಿದ್ರೂ ಕಸ ಹೆಚ್ಚಾಗಲ್ಲ. ಇದು ಮೂರು ಜನರ ಲೆಕ್ಕ."

ಪಕ್ಕದಲ್ಲಿದ್ದ ಮಗ ಗೋಡೆಯ ಮೇಲಿದ್ದ ಕಿಡ್ನಿಯ ಚಿತ್ರವನ್ನು ತುಂಬಾ ಶ್ರದ್ಧೆಯಿಂದ ನೋಡತೊಡಗಿದ.

"ಇನ್ನೂ ಒಂದಿದೆ," ಎಂದರು ಡಾಕ್ಟರಮ್ಮ. "ಇದರಲ್ಲಿ ಸಕ್ಕರೆ ಇದೆ. ನಿಮ್ಮ ರಕ್ತದಲ್ಲಿ ಸಕ್ಕರೆ ಕಾಯಿಲೆ ಇಲ್ಲ, ಹೋದ ವಾರ ನೋಡಿದ ಮೂತ್ರದಲ್ಲೂ ಇರಲಿಲ್ಲ. ಹಾಗಾದ್ರೆ ಇದು ಯಾರದ್ದು?"

"ಏನೋ ಇದು?" ಬೇಕರಿ ಅಮ್ಮ ಮಗನ ಕಡೆ ತಿರುಗಿದಳು.

"ಕ್ಯಾನು ಅರ್ಧ ಖಾಲಿ ಇತ್ತಮ್ಮ," ಎಂದ ಮಗ, ಚಿತ್ರದಿಂದ ಕಣ್ಣು ಕೀಳದೆ. "ಕಡಿಮೆ ಬಂದ್ರೆ ತಗೊಳ್ಳಲ್ಲ ಅಂದಿದ್ರು. ಒಂದೇ ಸಲ ಹಾಕಿದ್ದು."

"ಒಂದು ಸಲಕ್ಕೆ ಇಷ್ಟಾಗಲ್ಲ," ಎಂದರು ಡಾಕ್ಟರಮ್ಮ.

"ಮಧ್ಯಾಹ್ನನೂ. ಸಂಜೆನೂ. ಮಲಗೋ ಮುಂಚೆನೂ ಒಂದ್ಸಲ."

ಡಾಕ್ಟರಮ್ಮ ಅಲ್ಲೇ ಅವನ ಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ಅವನದಲ್ಲ. ಹಾಗಾದರೆ ಉಳಿದವರು ಒಬ್ಬರೇ.

ಬೇಕರಿ ಅಮ್ಮ ಮನೆಗೆ ಬಂದಾಗ ಯಜಮಾನರು ಓವನ್‌ನಿಂದ ಬನ್ನಿನ ತಟ್ಟೆ ಎಳೆಯುತ್ತಿದ್ದರು. ಸೊಸೆ ಕುರ್ಚಿಯಲ್ಲಿ ಕೂತು ಬಿಸ್ಕತ್ತಿನ ಪೊಟ್ಟಣ ಕಟ್ಟುತ್ತಿದ್ದಳು. ಬೇಕರಿ ಅಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ನೀವೂನಾ?"

ಯಜಮಾನರು ತಟ್ಟೆ ಇಳಿಸಿದರು, ಕೈ ಕೊಡವಿದರು, ಮಗನ ಮುಖ ನೋಡಿದರು. ಎಲ್ಲ ಬಯಲಾಗಿದೆ ಎಂದು ಅರ್ಥವಾಯಿತು.

"ಖಾಲಿ ಕಂಡಿತು," ಎಂದರು. ಸ್ವಲ್ಪ ತಡೆದು, ಅವರ ಮಟ್ಟಿಗೆ ದೊಡ್ಡ ಭಾಷಣ ಅನ್ನಬಹುದಾದ ಇನ್ನೊಂದು ಮಾತನ್ನೂ ಸೇರಿಸಿದರು. "ಕಂಡೋರು ತುಂಬಬೇಕು ಅಂತ ನೀನೇ ತಾನೆ ಹೇಳಿದ್ದು."

ಮದುವೆಯಾದ ಮೇಲೆ ಯಜಮಾನರ ಎದುರು ಬೇಕರಿ ಅಮ್ಮನಿಗೆ ಮಾತು ಸಿಗದೆ ಹೋದದ್ದು ಇದೇ ಮೊದಲು. ಆಗ ಕುರ್ಚಿಯ ಕಡೆಯಿಂದ ಸಣ್ಣ ದನಿ ಕೇಳಿಸಿತು.

"ನಾನೂ ಹಾಕ್ತಿದ್ದೆ ಅತ್ತೆ," ಎಂದಳು ಸೊಸೆ, ಪೊಟ್ಟಣದ ದಾರ ಕಟ್ಟುತ್ತಲೇ. "ನನಗೆ ಬಂದ್ರೆ ತಾನೆ."

ಮೊದಲು ನಕ್ಕದ್ದು ಯಜಮಾನರು. ಅವರು ಭುಜ ಕುಣಿಸಿ ನಗುವುದನ್ನು ನೋಡಿ ಮಗ ನಕ್ಕ. ಬೇಕರಿ ಅಮ್ಮ ಮೈದಾ ಮೂಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನೀರು ಬಂದ ಮೇಲೆ ಅದು ನಗುವಿನದೋ ಅಳುವಿನದೋ ಅವಳಿಗೇ ತಿಳಿಯಲಿಲ್ಲ. ಎಷ್ಟೋ ತಿಂಗಳ ಮೇಲೆ ಸೊಸೆ ಆಡಿದ ಮೊದಲ ತಮಾಷೆ ಅದು.

ಯಜಮಾನರನ್ನು ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಸಕ್ಕರೆ ಕಾಯಿಲೆ ಅವರದ್ದೇ ಎಂದು ಖಚಿತವಾಯಿತು. ಡಾಕ್ಟರೆಂದರೆ ಮಾರುದೂರ ಓಡುವ ಮನುಷ್ಯ, ರಕ್ತದ ಗುಂಪು ನೋಡಲು ಒಂದು ಹನಿ ಕೊಟ್ಟಿದ್ದೇ ದೊಡ್ಡ ಉಪಕಾರ ಎಂದುಕೊಂಡಿದ್ದವರು. ಕ್ಯಾನಿಗೆ ಸಹಾಯ ಮಾಡಲು ಹೋಗಿ ತಾವೇ ಸಿಕ್ಕಿಬಿದ್ದಿದ್ದರು.

"ಇವರ ಕಿಡ್ನಿಗೆ ಇನ್ನೂ ಪೆಟ್ಟು ಬಿದ್ದಿಲ್ಲ," ಎಂದರು ಡಾಕ್ಟರಮ್ಮ. "ಈಗಲೇ ಗೊತ್ತಾಗಿದ್ದು ಒಳ್ಳೇದೇ ಆಯ್ತು. ಮಾತ್ರೆ ಬರ್ಕೊಡ್ತೀನಿ. ಬನ್ನು, ಬಿಸ್ಕತ್ತು ಮಾಡಿ, ತಿನ್ಬೇಡಿ."

"ಊಹೂಂ" ಎನ್ನಲು ಹೋದ ಯಜಮಾನರು ಹೆಂಡತಿಯ ಮುಖ ನೋಡಿ "ಹೂಂ" ಎಂದರು.

ಎರಡನೆಯ ಕ್ಯಾನು ಬಂತು. ಈ ಸಲ ಬೇಕರಿ ಅಮ್ಮ ಬಚ್ಚಲುಮನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಡಸರಿಬ್ಬರೂ ಅಂಗಡಿಯ ಹಿಂದಿನ ಕಕ್ಕಸಿಗೆ ಹೋಗಬೇಕು, ಸ್ನಾನ ನಾಳೆ ಮಾಡಿದರೆ ಯಾರೂ ಸಾಯುವುದಿಲ್ಲ ಎಂದು ಅಪ್ಪಣೆಯಾಯಿತು. ಕ್ಯಾನಿನ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಆದರೆ ಈ ಸಲ ಅದು ಆಮೆಯ ಹಾಗೆ ಏರುತ್ತಿತ್ತು. ಸಂಜೆಗೆ ಅರ್ಧವೂ ಇಲ್ಲ.

ಆಗ ಅವಳಿಗೆ ಪುಕುಪುಕು ಶುರುವಾಯಿತು. ಮೂವರ ಬಲವನ್ನು ತನ್ನದೆಂದು ತಿಳಿದು ಬೀಗಿದ್ದಾಯಿತು, ಈಗ ತಾನೊಬ್ಬಳೇ ನಿಂತರೆ ಎಷ್ಟು ಉಳಿಯುತ್ತದೋ. ಎಷ್ಟು ವರ್ಷದಿಂದ ನುಂಗಿದ ನೋವಿನ ಮಾತ್ರೆಗಳೋ. ನರ್ಸು 'ಎಷ್ಟಾದ್ರೂ ಪರವಾಗಿಲ್ಲ' ಎಂದದ್ದು ನೆನಪಿತ್ತು, ಆದರೂ ಖಾಲಿ ಜಾಗ ಕಂಡರೆ ಅವಳ ಕೈ ತುರಿಸುತ್ತಿತ್ತು. ಒಂದು ಗಳಿಗೆ ಮಗನನ್ನು ಕರೆದೇಬಿಡೋಣ ಎಂದೂ ಅನ್ನಿಸಿತು. ತನ್ನ ತಲೆಗೆ ತಾನೇ ಮೊಟಕಿಕೊಂಡು ಹೊರಗೆ ಬಂದು ಬೀಗ ಜಡಿದಳು.

ವರದಿಯ ದಿನ ಅಂಗಡಿ ಮುಚ್ಚಿ ನಾಲ್ವರೂ ಹೋದರು. ಡಾಕ್ಟರಮ್ಮ ಕಾಗದ ಬಿಡಿಸುವಾಗ ಬೇಕರಿ ಅಮ್ಮ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. ಅವಳ ಮಂಡಿ ನೋಯುತ್ತಿತ್ತು, ಮಾತ್ರೆ ಬಿಟ್ಟಾಗಿನಿಂದ ದಿನವೂ ನೋಯುತ್ತಿತ್ತು. ಆ ನೋವಿನ ಬಗ್ಗೆ ಅವಳು ಯಾರಿಗೂ ಚಕಾರ ಎತ್ತಿರಲಿಲ್ಲ.

"ಈ ಸಲ ಒಬ್ಬರದ್ದೇ," ಎಂದರು ಡಾಕ್ಟರಮ್ಮ. "ನಿಮ್ಮ ಮೈಗೆ ಎಷ್ಟು ಬರಬೇಕೋ ಕಸ ಅಷ್ಟೇ ಇದೆ. ಪ್ರೋಟೀನು ಸೋರ್ತಿಲ್ಲ. ಸಕ್ಕರೆ ಇಲ್ಲ. ನಿಮ್ಮ ವಯಸ್ಸಿಗೆ ಕಿಡ್ನಿ ತುಂಬಾ ಚೆನ್ನಾಗಿ ಕೆಲಸ ಮಾಡ್ತಿದೆ. ಇನ್ನೊಂದೆರಡು ಪರೀಕ್ಷೆ ಬಾಕಿ ಇವೆ, ಅಂಗದಾನಕ್ಕೆ ಅನುಮತಿ ಕೊಡೋ ಕಮಿಟಿಯೋರು ನಿಮ್ಮನ್ನ ಮಾತಾಡಿಸ್ಬೇಕು. ಆದ್ರೆ ನನ್ನ ಕಡೆಯಿಂದ ನೀವು ಕೊಡಬಹುದು."

ಮಗ ಅಮ್ಮನ ಕೈ ಹಿಡಿದ. ಯಜಮಾನರು ಕನ್ನಡಕ ಒರೆಸಿಕೊಂಡರು. ಬೇಕರಿ ಅಮ್ಮನಿಗೆ ಕೂತಲ್ಲೇ ಮೈ ಹಗುರವಾಯಿತು.

ಡಾಕ್ಟರಮ್ಮ ಸೊಸೆಯ ಕಡೆ ತಿರುಗಿದರು. "ಇವರನ್ನ ಕೇಳಿದ ಹಾಗೆ ನಿಮ್ಮನ್ನೂ ಕೇಳ್ಬೇಕು. ನಿಮಗೆ ಒಪ್ಪಿಗೆ ತಾನೆ?"

"ಇಲ್ಲ," ಎಂದಳು ಸೊಸೆ.

ಮಗ ಅಮ್ಮನ ಕೈ ಬಿಟ್ಟು ಹೆಂಡತಿಯ ಕಡೆ ತಿರುಗಿದ.

"ಇಲ್ಲ ಅಂದ್ರೆ?" ಎಂದಳು ಬೇಕರಿ ಅಮ್ಮ.

"ಇಲ್ಲ ಅಂದ್ರೆ ಇಲ್ಲ ಅತ್ತೆ. ಇಷ್ಟು ದಿನ ಯಾರಾದ್ರೂ ನನ್ನ ಒಂದು ಮಾತು ಕೇಳಿದ್ರಾ? ಖಾಲಿ ಕಂಡಿದ್ದನ್ನೆಲ್ಲ ತುಂಬಿಬಿಡೋದು. ಹಿಟ್ಟಿನ ಡಬ್ಬಿ ತುಂಬಿದ್ರಿ, ಕ್ಯಾನು ತುಂಬಿದ್ರಿ, ಈಗ ನನ್ನ ಸರದಿನಾ? ಬಾಯಿ ತೆಗೆದ್ರೆ ಮಾತಾಡ್ಬೇಡ, ಸುಸ್ತಾಗುತ್ತೆ ಅಂತೀರಿ."

ಸೊಸೆಯ ಕೆನ್ನೆಗೆ ಬಣ್ಣ ಬಂದಿತ್ತು. ಅಷ್ಟು ಉದ್ದದ, ಅಷ್ಟು ಮೊನೆಯುಳ್ಳ ಮಾತು ಅವಳ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಬೇಕರಿ ಅಮ್ಮನಿಗೆ ಎದ್ದು ಕುಣಿಯಬೇಕು ಅನ್ನಿಸಿತು. ಜೊತೆಗೇ, ಈ ಜಗಳವನ್ನು ಸೋತರೆ ಎಲ್ಲ ಮುಗಿಯಿತು ಎಂಬ ಹೆದರಿಕೆಯೂ ಆಯಿತು.

"ಇನ್ನೂ ಏನಾದ್ರೂ ಇದೆಯಾ, ಇಷ್ಟೇನಾ?" ಎಂದಳು, ಸೆರಗು ಸಿಕ್ಕಿಸಿಕೊಳ್ಳುತ್ತ.

"ಇದೆ. ಆಪರೇಷನ್‌ನಲ್ಲಿ ನಿಮಗೆ ಏನಾದ್ರೂ ಆದ್ರೆ? ಈ ಇಬ್ಬರ ಜೊತೆ ನಾನೊಬ್ಬಳೇ ಇರ್ಬೇಕಾ?" ಸೊಸೆ ಗಂಡ, ಮಾವ ಇಬ್ಬರನ್ನೂ ಕಣ್ಣಲ್ಲೇ ತೋರಿಸಿದಳು. ಇಬ್ಬರೂ ತಲೆ ತಗ್ಗಿಸಿದರು. "ಏನೂ ಆಗದೆ ಇದ್ರೆ ಇನ್ನೂ ಕಷ್ಟ. ಜೀವ ಇರೋವರೆಗೂ ಹೇಳ್ತೀರಿ. ಟೀಗೆ ಸಕ್ಕರೆ ಒಂದು ಚಮಚ ಜಾಸ್ತಿ ಆದ್ರೆ, ನನ್ನ ಕಿಡ್ನಿ ಇಟ್ಕೊಂಡು ಹಿಂಗಾ ಟೀ ಮಾಡೋದು ಅಂತೀರಿ. ಎದುರು ಮಾತಾಡಿದ್ರೆ, ನನ್ನ ಕಿಡ್ನಿ ತಗೊಂಡು ನನಗೇ ಎದುರಾಡ್ತೀಯಾ ಅಂತೀರಿ. ಆ ಋಣ ಹೊತ್ಕೊಂಡು ನಾನು ಬಾಳೋದು ಹೇಗೆ?"

ಮಗ ಏನೋ ಹೇಳಲು ಬಾಯಿ ತೆರೆದ. ಬೇಕರಿ ಅಮ್ಮ ಕೈ ಅಡ್ಡ ಹಿಡಿದಳು. ಇದು ಅತ್ತೆ ಸೊಸೆಯರ ನಡುವಿನ ಮಾತಾಗಿತ್ತು.

"ಹೇಳ್ತೀನಿ," ಎಂದಳು. "ಹೇಳಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ? ದಿನಾ ಹೇಳ್ತೀನಿ. ಟೀ ಚೆನ್ನಾಗಿದ್ರೂ ಹೇಳ್ತೀನಿ. ಬನ್ನು ತಗೊಳ್ಳೋಕೆ ಬಂದೋರನ್ನ ನಿಲ್ಲಿಸ್ಕೊಂಡು ಹೇಳ್ತೀನಿ. ಅದನ್ನೆಲ್ಲ ಕೇಳಿಸ್ಕೊಂಡು, ತಿರುಗಿ ನನಗೆ ನಾಲ್ಕು ಅನ್ನೋಕೆ ನೀನು ಇರ್ಬೇಕು ಕಣೇ. ನನಗೆ ಬೇಕಾಗಿರೋದು ಅಷ್ಟೇ."

ಸೊಸೆ ಅವಳನ್ನೇ ನೋಡಿದಳು. ಡಾಕ್ಟರಮ್ಮ ಸದ್ದಿಲ್ಲದೆ ಪೆನ್ನಿನ ಮುಚ್ಚಳ ಹಾಕಿದರು. ಹೊರಗೆ ಯಾರೋ ಮುಂದಿನ ಚೀಟಿಯವರನ್ನು ಕೂಗುತ್ತಿದ್ದರು.

"ಯಾವ ಕಡೇದು ಕೊಡ್ತೀರಿ?" ಎಂದಳು ಸೊಸೆ ಕೊನೆಗೆ, ಮೂಗು ಒರೆಸಿಕೊಂಡು.

"ಯಾವುದಾದ್ರೇನು? ಡಾಕ್ಟ್ರು ಯಾವುದು ಹೇಳ್ತಾರೋ ಅದು."

"ಎಡಗಡೇದು ಕೊಡಿ. ನೀವು ಬಲಮಗ್ಗುಲಿಗೇ ಅಲ್ವಾ ಮಲಗೋದು. ಆ ಕಡೆ ಹೊಲಿಗೆ ಹಾಕಿದ್ರೆ ನಿಮ್ಮ ನರಳಾಟಕ್ಕೆ ಮನೆಯೋರು ಯಾರೂ ನಿದ್ದೆ ಮಾಡೋ ಹಾಗಿಲ್ಲ."

"ನನ್ನ ಕಿಡ್ನಿ ಯಾವುದು ಕೊಡ್ಬೇಕು ಅಂತಾನೂ ನೀನೇ ಹೇಳ್ತೀಯಾ?"

"ಹೇಳ್ತೀನಿ," ಎಂದಳು ಸೊಸೆ.